ಸರಾಸರಿ ತೊಂಬತ್ತನಾಲ್ಕು ನಿಮಿಷ

"ಅಪ್ಪಾ, ಒಂದಲ್ಲ ಒಂದು ದಿನ ನಿಮ್ಮ ಹೆಸರು ಪೇಪರಿನಲ್ಲಿ ಬರುವ ಹಾಗೆ ಮಾಡ್ತೇನೆ" ಎಂದು ನಿತ್ಯಾನಂದ ಮಾತು ಕೊಟ್ಟದ್ದು ಹತ್ತನೇ ಕ್ಲಾಸಿನ ರಜೆಯಲ್ಲಿ. ಅಪ್ಪ ತುಕ್ರಪ್ಪ ಹೆಂಚಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಧೂಳು ಕುಡಿದು, ಎರಡು ಮೆಟ್ಟಿಲು ಹತ್ತಿದರೆ ಮೂರನೆಯದರಲ್ಲಿ ಕುಳಿತುಬಿಡುವ ಸ್ಥಿತಿಗೆ ಬಂದಿದ್ದರು. ಓದಲು ಬರುತ್ತಿರಲಿಲ್ಲ. ಆದರೂ ಬೆಳಿಗ್ಗೆ ಕ್ಷೌರದಂಗಡಿಯ ಬೆಂಚಿನಲ್ಲಿ ಕುಳಿತು, ಯಾರಾದರೂ ಪೇಪರ್ ಓದಿ ಹೇಳುವುದನ್ನು ಕೇಳುವುದು ಅವರಿಗೊಂದು ಚಟ. "ಇಷ್ಟು ಜನರ ಹೆಸರು ಬರ್ತದೆ, ನಮ್ಮದು ಎಂತಕ್ಕೆ ಬರುವುದಿಲ್ಲ?" ಎಂದು ಒಂದು ದಿನ ಕೇಳಿದ್ದಕ್ಕೆ ಕ್ಷೌರದವನು, "ಸತ್ತರೆ ಬರ್ತದೆ ತುಕ್ರಪ್ಪಣ್ಣ, ಗಡಿಬಿಡಿ ಮಾಡ್ಬೇಡಿ" ಅಂದಿದ್ದ. ಬೆಂಚಿಗೆ ಬೆಂಚೇ ನಕ್ಕಿತ್ತು. ಅಪ್ಪನೂ ನಗಲು ಹೋಗಿ ಕೆಮ್ಮಿದ್ದರು. ಮಗ ಮಾತು ಕೊಟ್ಟದ್ದು ಆ ಕೆಮ್ಮು ಒಮ್ಮೆ ನಿಲ್ಲಲಿ ಎಂದು. ಎರಡು ವರ್ಷದ ಮೇಲೆ ತುಕ್ರಪ್ಪ ತೀರಿಕೊಂಡರು. ಪೇಪರಿನಲ್ಲಿ ಬರಲಿಲ್ಲ.

ನಿತ್ಯಾನಂದ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ. ಬಂಟ್ವಾಳದ ಬಸ್‌ಸ್ಟಾಂಡಿನ ಹಿಂದೆ, ಹೋಟೆಲೊಂದರ ಮಹಡಿಯ ಮೇಲೆ ಎರಡು ಕೋಣೆ ಹಿಡಿದಿದ್ದ ಶ್ವಾಸಬಂಧು ಟ್ರಸ್ಟಿನಲ್ಲಿ ಕೆಲಸಕ್ಕೆ ಸೇರಿದ. ಹಳೆಯ ಕೆಮ್ಮು, ಬಿಡದ ದಮ್ಮು, ಗುಣವಾಗದ ಶ್ವಾಸಕೋಶದ ಕಾಯಿಲೆ ಇರುವವರನ್ನು ಹುಡುಕಿ ಲೆಕ್ಕ ಇಡುವುದು ಟ್ರಸ್ಟಿನ ಕೆಲಸ. ಲೆಕ್ಕ ಇಡುವುದು ಎಂದರೆ ನಿತ್ಯಾನಂದ. ೧೯೯೮ರಲ್ಲಿ ಅವನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತ ಇನ್ನೂರ ನಲವತ್ತೊಂದು ಮನೆಗೆ ನಡೆದ. ಬಿಸ್ಕತ್ತಿನ ಡಬ್ಬದಷ್ಟು ದೊಡ್ಡ, ಊದಿಸಿ ಉಸಿರಿನ ಬಲ ಅಳೆಯುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ತೋಡು ದಾಟಿದ, ಗುಡ್ಡ ಹತ್ತಿದ, ನಾಯಿಗಳಿಂದ ಓಡಿದ. ಪ್ರತಿಯೊಬ್ಬರ ಬಾಯಿಗೂ ರಟ್ಟಿನ ಕೊಳವೆ ಇಟ್ಟು, "ಊದಿ, ಊದಿ, ಇನ್ನೂ ಊದಿ" ಎಂದು ಕೂಗಿ ಕೂಗಿ ಅವನದೇ ಗಂಟಲು ಕಟ್ಟಿತು.

ವರದಿ ಅಚ್ಚಾಗಿ ಬಂತು. ಮುಖಪುಟದಲ್ಲಿ ಟ್ರಸ್ಟಿನ ಮುಖ್ಯಸ್ಥೆ ಡಾಕ್ಟರ್ ಶಶಿಪ್ರಭಾ ಅವರ ಹೆಸರು. ಕೊನೆಯ ಪುಟದ ಕೊನೆಯ ಸಾಲಿನಲ್ಲಿ, "ಜೀಪಿನ ಚಾಲಕರಿಗೂ, ನಿತ್ಯಾನಂದನಿಗೂ ಕೃತಜ್ಞತೆಗಳು." ಜೀಪಿನ ಚಾಲಕ ಮೂರು ಸಲ ಬಂದಿದ್ದ, ಅದರಲ್ಲಿ ಒಂದು ಸಲ ಜೀಪು ಕೆಟ್ಟಿತ್ತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ನಿತ್ಯಾನಂದನ ಮುಂದೆ 'ಟಿ.' ಇರಲಿಲ್ಲ. ಟಿ. ಎಂದರೆ ತುಕ್ರಪ್ಪ. ಅಪ್ಪನ ಒಂದೇ ಒಂದು ಅಕ್ಷರ ಅಚ್ಚಾಗುವುದಿತ್ತು. ಅದನ್ನೂ ಯಾರೋ ಜಾಗ ಉಳಿಸಲು ತೆಗೆದುಹಾಕಿದ್ದರು.

ಆ ವರದಿಯ ಸಭೆಯಲ್ಲೇ ಅವನಿಗೆ ಇನ್ನೊಂದು ಜ್ಞಾನೋದಯವಾಯಿತು. ಟ್ರಸ್ಟಿಗಳಲ್ಲಿ ಒಬ್ಬರು ಕೋಷ್ಟಕದ ಮೇಲೆ ಬೆರಳಿಟ್ಟು, "ನೋಡಿ, ಅರ್ಧದಷ್ಟು ರೋಗಿಗಳ ಉಸಿರು ಮಧ್ಯಾಂಕಕ್ಕಿಂತ ಕೆಳಗೆ ಉಂಟು! ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ" ಎಂದು ಆತಂಕಪಟ್ಟರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವಿನಲ್ಲಿ ನಿಲ್ಲುವವನೇ ಮಧ್ಯಾಂಕ. ಅವನಿಗಿಂತ ಕೆಳಗೆ ಅರ್ಧ ಜನ ಇರಲೇಬೇಕು, ಊರಿಗೆ ಊರೇ ಪೈಲ್ವಾನರಾದರೂ. ಯಾರೂ ಅದನ್ನು ಹೇಳಲಿಲ್ಲ. ಡಾಕ್ಟರ್ ಶಶಿಪ್ರಭಾ ಗಂಭೀರವಾಗಿ ತಲೆ ಆಡಿಸಿ, "ಹೌದು, ಅರ್ಧ ಅಂದ್ರೆ ತುಂಬ ಆಯ್ತು" ಅಂದರು. ನಿತ್ಯಾನಂದ ಅಂದೇ ಒಳಗೊಳಗೆ ಒಂದು ತೀರ್ಮಾನಕ್ಕೆ ಬಂದ. ಇಲ್ಲಿ ಕೋಷ್ಟಕವನ್ನು ಓದುವವರು ಯಾರೂ ಇಲ್ಲ. ಕೋಷ್ಟಕಕ್ಕೆ ಕೈಮುಗಿಯುವವರು ಮಾತ್ರ ಇದ್ದಾರೆ.

೨೦೦೩ರಲ್ಲಿ ಎರಡನೇ ಅಧ್ಯಯನ ಬಂತು. ಅದೇ ರೋಗಿಗಳು, ಐದು ವರ್ಷದ ಮೇಲೆ ಹೇಗಿದ್ದಾರೆ ಎಂದು ನೋಡುವುದು. ಈ ಸಲ ಅಂಕಿಗಳ ಮೇಲೆ ಒಂದು ನಿರ್ಧಾರವೂ ನಿಂತಿತ್ತು. ಮೂರು ಊರುಗಳಲ್ಲಿ ಯಾವ ಊರಿನವರ ಉಸಿರು ಹೆಚ್ಚು ಕೆಟ್ಟಿದೆಯೋ ಅಲ್ಲಿ ಟ್ರಸ್ಟು ಆಮ್ಲಜನಕದ ಸಿಲಿಂಡರು, ಒಬ್ಬ ಡಾಕ್ಟರು ಇರುವ ದಮ್ಮಿನ ಚಿಕಿತ್ಸಾಲಯ ತೆರೆಯುವುದಿತ್ತು.

"ಈ ಸಲ ನಿಮ್ಮ ಹೆಸರು ಮುಖಪುಟದಲ್ಲಿ ಹಾಕುವ" ಎಂದರು ಶಶಿಪ್ರಭಾ. "ಪೇಪರಿನವರನ್ನೂ ಕರೆಯುವ. ವರದಿ ಒಳ್ಳೆಯದಾದರೆ ಅಧ್ಯಯನ ಅಧಿಕಾರಿ ಹುದ್ದೆ ನಿಮಗೇ, ಖಾಯಂ."

"ಇನಿಷಿಯಲ್ ಸಮೇತ ಹಾಕ್ಬೇಕು ಮೇಡಂ."

"ಎಂತ?"

"ಟಿ. ನಿತ್ಯಾನಂದ ಟಿ."

"ಹಾಕುವ ಮಾರಾಯ್ರೆ, ಎಬಿಸಿಡಿ ಇಡೀ ಹಾಕುವ. ಮೊದಲು ಕೆಲಸ ಮುಗಿಸಿ."

ನಿತ್ಯಾನಂದನಿಗೆ ಆಗ ಮೂವತ್ತಾರು ದಾಟಿತ್ತು. ಮೊಣಕಾಲಿಗೆ ಅದಕ್ಕಿಂತ ಹೆಚ್ಚು. ಮತ್ತೆ ಅದೇ ತೋಡು, ಅದೇ ಗುಡ್ಡ, ಅದೇ ನಾಯಿಗಳ ಮಕ್ಕಳು ಮೊಮ್ಮಕ್ಕಳು. ಒಮ್ಮೆ ನಿಜವಾಗಿ ನಡೆದು ಚಾಲಕನ ನಂತರದ ಜಾಗ ಸಿಕ್ಕಿತ್ತು. ಹಾಗಾದರೆ ಮುಖಪುಟಕ್ಕೆ ನಡಿಗೆಯ ಅಗತ್ಯವೇ ಇಲ್ಲ ಎಂದು ಅವನು ತರ್ಕಿಸಿದ. ಸಂಖ್ಯಾಶಾಸ್ತ್ರ ಓದಿದವನ ತರ್ಕ, ತಪ್ಪು ಹುಡುಕುವುದು ಸುಲಭವಲ್ಲ.

ಯೋಜನೆ ಅವನ ತಲೆಯಲ್ಲಿ ಒಂದು ವಾರದಲ್ಲಿ ತಯಾರಾಯಿತು. ರೋಗಿಗಳು ಹಳಬರೇ, ಹೆಸರು ವಿಳಾಸ ಹಳೆಯ ರಿಜಿಸ್ಟರಿನಲ್ಲೇ ಇದೆ. ಎಲ್ಲರಿಗೂ ಐದು ವರ್ಷ ಕೂಡಿಸಬೇಕು. ಉಸಿರಿನಿಂದ ಒಂದಿಷ್ಟು ಕಳೆಯಬೇಕು. ಮುಖ್ಯವಾದ ಮಾತು ಬೇರೆಯೇ ಇತ್ತು. ನಾಳೆ ಯಾರಾದರೂ ಅನುಮಾನಪಟ್ಟು ಮನೆಗೆ ಹೋಗಿ, "ಟ್ರಸ್ಟಿನಿಂದ ಜನ ಬಂದಿದ್ದರಾ? ಊದಿಸಿದ್ದರಾ?" ಎಂದು ಕೇಳಿದರೆ, ಆ ಮುದುಕರು ಏನು ಹೇಳುತ್ತಾರೆ? "ಬಂದಿದ್ದರು, ಊದಿಸಿದ್ದರು" ಎನ್ನುತ್ತಾರೆ. ಅದು ಐದು ವರ್ಷದ ಹಿಂದೆಯೋ ಐದು ವಾರದ ಹಿಂದೆಯೋ ಎಂದು ಎಪ್ಪತ್ತು ದಾಟಿದವರಿಗೆ ಯಾರು ಪಾಟಿಸವಾಲು ಹಾಕುತ್ತಾರೆ? ಸಾಕ್ಷಿಗಳೆಲ್ಲ ಪ್ರಾಮಾಣಿಕರು, ಎಲ್ಲರೂ ಅವನ ಪರ. ಇಂಥ ಅನುಕೂಲ ಯಾವ ಕಳ್ಳನಿಗೂ ಸಿಕ್ಕಿರಲಿಕ್ಕಿಲ್ಲ.

ಅಪಾಯ ಇದ್ದದ್ದು ಸತ್ತವರಿಂದ. ಸತ್ತವನ ಕೈಯಲ್ಲಿ ಊದಿಸಿದರೆ ಕೆಟ್ಟಿತು. ಆದ್ದರಿಂದ ಅವನು ಪಂಚಾಯಿತಿ ಕಚೇರಿಗಳಿಗೆ ಅಲೆದು, ಸಾವಿನ ರಿಜಿಸ್ಟರುಗಳಲ್ಲಿ ಬೆರಳಾಡಿಸಿ, ಇಪ್ಪತ್ತೊಂಬತ್ತು ಹೆಸರುಗಳಿಗೆ ಕೆಂಪು ಗೆರೆ ಎಳೆದ. ಉಳಿದವರು ಇನ್ನೂರ ಹನ್ನೆರಡು. ಬಂಟ್ವಾಳ ಎಂಬತ್ತನಾಲ್ಕು, ಬೆಳ್ತಂಗಡಿ ಎಪ್ಪತ್ತೊಂದು, ಮೂಡುಬಿದಿರೆ ಐವತ್ತೇಳು. ಅಲೆದ ಬಸ್ಸುಗಳನ್ನೂ ಕಾದ ಬಾಗಿಲುಗಳನ್ನೂ ಕೂಡಿಸಿ ನೋಡಿದರೆ, ಅಷ್ಟು ಹೊತ್ತಿನಲ್ಲಿ ಮೂಡುಬಿದಿರೆಯ ಐವತ್ತೇಳು ಮನೆ ಮುಗಿಯುತ್ತಿತ್ತು. ಆದರೆ ಅದು ಮರ್ಯಾದೆಯ ಪ್ರಶ್ನೆ. ಕೆಲಸವೆಂದರೆ ಅವನು ಅಚ್ಚುಕಟ್ಟಿನ ಮನುಷ್ಯ.

ಬೆಳಿಗ್ಗೆ ಒಂಬತ್ತೂವರೆಗೆ ಟ್ರಸ್ಟಿನ ಕೋಣೆಗೆ ಬರುವುದು. ಹತ್ತು ಗಂಟೆಗೆ ಕೆಳಗಿನ ಹೋಟೆಲಿನಿಂದ ಬರುವ ಚಾ ಕುಡಿಯುವುದು. ಯಂತ್ರದ ಚೀಲವನ್ನು ಹೆಗಲಿಗೇರಿಸಿ, "ಫೀಲ್ಡಿಗೆ ಹೋಗ್ತೇನೆ" ಎಂದು ಹೇಳಿ ಹೊರಡುವುದು. ಹೇಳುವುದಕ್ಕೆ ಅಲ್ಲಿ ಇದ್ದವಳು ಜಸೀಲಾ ಒಬ್ಬಳೇ. ಶಶಿಪ್ರಭಾ ಮಂಗಳೂರಿನವರು, ಶನಿವಾರ ಮಾತ್ರ ಬರುತ್ತಿದ್ದರು. ಜಸೀಲಾ ಟೈಪ್ ಮಾಡುವವಳು. ಬಿ.ಕಾಂ. ಮಾಡಿದ್ದಳು, ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದಳು, ಅದನ್ನೂ ನಿಧಾನವಾಗಿ. ನಿತ್ಯಾನಂದನ ಲೆಕ್ಕದಲ್ಲಿ ಅವಳು ಕಂಪ್ಯೂಟರಿಗೆ ಜೋಡಿಸಿದ ಇನ್ನೊಂದು ಭಾಗ.

ಫೀಲ್ಡು ಎಂದರೆ ಪಾಣೆಮಂಗಳೂರು. ಹೊಳೆಯ ಸಂಕ ದಾಟಿದ ಕೂಡಲೇ ಬಲಕ್ಕೆ, ಪಾತ್ರೆ ಅಂಗಡಿಯ ಮೇಲೆ ಅವನ ಬಾಡಿಗೆ ಕೋಣೆ. ಬಾಗಿಲು ಹಾಕಿ, ಫ್ಯಾನು ಹಾಕಿ, ಲುಂಗಿ ಉಟ್ಟು, ಕಿಟಕಿಯಿಂದ ನೇತ್ರಾವತಿಯನ್ನು ನೋಡುತ್ತ ಅವನು ದಿನಕ್ಕೆ ನಾಲ್ಕು ಐದು ಜನರನ್ನು ಊದಿಸುತ್ತಿದ್ದ. ಲೆಕ್ಕಕ್ಕೆ ಕೊಳವೆಗಳೂ ಖರ್ಚಾಗಬೇಕಲ್ಲ. ದಿನದ ಕೊನೆಗೆ ಅಷ್ಟು ರಟ್ಟಿನ ಕೊಳವೆಗಳನ್ನು ಬಚ್ಚಲ ಒಲೆಗೆ ಹಾಕಿ ಬಿಸಿನೀರು ಕಾಯಿಸಿ ಸ್ನಾನ ಮಾಡುತ್ತಿದ್ದ. ಯಂತ್ರ ಅಂಕಿ ತೋರಿಸುತ್ತದೆ, ಅಚ್ಚು ಹಾಕುವುದಿಲ್ಲ, ಏನನ್ನೂ ನೆನಪಿಡುವುದಿಲ್ಲ. ಅವನಿಗೆ ಬೇಕಾದ ಸಹೋದ್ಯೋಗಿಯ ಗುಣಗಳೆಲ್ಲ ಅದರಲ್ಲಿದ್ದವು.

ಸುಳ್ಳು ಅಂಕಿ ಬರೆಯುವವರು ಎಲ್ಲಿ ಸಿಕ್ಕಿಬೀಳುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅವರು ತೀರಾ ಚಂದ ಬರೆಯುತ್ತಾರೆ. ನಿಜವಾದ ಅಂಕಿಗೆ ಗೂನು ಇರುತ್ತದೆ, ಹಲ್ಲು ಬಿದ್ದಿರುತ್ತದೆ. ವಯಸ್ಸನ್ನೇ ನೋಡಿ. ನಮ್ಮ ಕಡೆ ಮುದುಕರನ್ನು ವಯಸ್ಸು ಕೇಳಿದರೆ ಅರುವತ್ತು, ಅರುವತ್ತೈದು, ಎಪ್ಪತ್ತು. ಅರುವತ್ತಮೂರು ಎಂದು ಹೇಳುವವನು ಬ್ಯಾಂಕಿನಲ್ಲಿದ್ದವನೇ ಆಗಿರಬೇಕು. ಆದ್ದರಿಂದ ಅವನು ಐದರ ಮಗ್ಗಿಯಲ್ಲಿ ಜನರನ್ನು ಗುಂಪು ಹಾಕಿದ. ನಡುವೆ ಇದ್ದ ಒಬ್ಬ ಇಪ್ಪತ್ತೊಂಬತ್ತರ ಯುವಕನನ್ನು ಹಾಗೇ ಬಿಟ್ಟ, ಪಟ್ಟಿಗೆ ದೃಷ್ಟಿಬೊಟ್ಟಿನ ಹಾಗೆ. ಆರು ಜನರ ತೂಕದ ಕಾಲಂ ಖಾಲಿ ಬಿಟ್ಟು "ನಿಲ್ಲಲಾಗಲಿಲ್ಲ" ಎಂದು ಬರೆದ. ನಾಲ್ವರು ಹೆಂಗಸರು ಊದುವಾಗ ನಕ್ಕು ಪರೀಕ್ಷೆ ಕೆಡಿಸಿದರು. ಅದನ್ನು ಬರೆಯುವಾಗ ಅವನಿಗೇ ನಗು ಬಂತು.

ಹಳೆಯ ಸರಾಸರಿಗೆ ಐದು ಕೂಡಿಸಿದರೆ ವಯಸ್ಸು ಅರುವತ್ತೊಂದೂ ಮುಕ್ಕಾಲು ಬರಬೇಕು, ಮಾನಕ ವಿಚಲನೆ ಹತ್ತರ ಹತ್ತಿರ. ಈ ಮಾನಕ ವಿಚಲನೆ ಎಂದರೆ ಏನೆಂದು ಶಶಿಪ್ರಭಾ ಅವರಿಗೆ ಅವನು ಆರು ಸಲ ಹೇಳಿಕೊಟ್ಟಿದ್ದ. "ಸರಾಸರಿ ಅಂದ್ರೆ ಬಸ್‌ಸ್ಟಾಂಡು ಮೇಡಂ. ಜನರ ಮನೆ ಅಲ್ಲಿಂದ ಸಾಧಾರಣ ಎಷ್ಟು ದೂರ ಉಂಟು, ಅದು ಮಾನಕ ವಿಚಲನೆ." ಅವರು, "ಈಗ ಅರ್ಥ ಆಯ್ತು" ಎನ್ನುತ್ತಿದ್ದರು, ಆರು ಸಲವೂ. ನಿತ್ಯಾನಂದ ಈಗ ಮೊದಲು ಬಸ್‌ಸ್ಟಾಂಡು ಕಟ್ಟಿ, ಆಮೇಲೆ ಅದರ ಸುತ್ತ ಮನೆಗಳನ್ನು ಎಬ್ಬಿಸುತ್ತಿದ್ದ.

ಉಸಿರಿನ ವಿಷಯದಲ್ಲಿ ಅವನು ಸ್ವಲ್ಪ ಉದಾರಿಯೂ ಆದ. ಬೆಳ್ತಂಗಡಿಯ ಒಳಹಳ್ಳಿಗಳಲ್ಲಿ, ಸೌದೆ ಒಲೆಯ ಹೊಗೆಯಲ್ಲಿ ನಲವತ್ತು ವರ್ಷ ಬೆಂದ ಹೆಂಗಸರ ಉಸಿರು ೧೯೯೮ರಲ್ಲಿ ಮೂರು ಊರುಗಳಲ್ಲೇ ಅತಿ ಕೆಟ್ಟದಾಗಿತ್ತು. ಒಬ್ಬಳು ಮುದುಕಿ ಅವನ ಕೈ ಹಿಡಿದು, "ಡಾಕ್ಟ್ರು ಇಲ್ಲಿಗೇ ಬರ್ತಾರಾ ಮಗಾ?" ಎಂದು ಕೇಳಿದ್ದಳು. ಆದರೆ ಚಿಕಿತ್ಸಾಲಯ ಬೆಳ್ತಂಗಡಿಯಲ್ಲಾದರೆ ಅಧ್ಯಯನ ಅಧಿಕಾರಿ ದಿನಾ ಆ ಬಸ್ಸಿನಲ್ಲಿ ಕುಲುಕಬೇಕು. ಹಾಗಾಗಿ ಅವನ ಪೆನ್ಸಿಲಿನ ಕೆಳಗೆ ಬೆಳ್ತಂಗಡಿಯವರೆಲ್ಲ ಸ್ವಲ್ಪ ಗುಣವಾದರು. ಬಂಟ್ವಾಳದವರು ಅದೇ ಪ್ರಮಾಣದಲ್ಲಿ ಏದುಸಿರು ಬಿಡತೊಡಗಿದರು. ಚಿಕಿತ್ಸಾಲಯ ಅವನ ಕೋಣೆಯಿಂದ ನಡೆದುಹೋಗುವ ದೂರಕ್ಕೆ ಬಂದು ನಿಂತಿತು.

ಸೆಪ್ಟೆಂಬರಿನಲ್ಲಿ ಮೂಡುಬಿದಿರೆ ಮುಗಿಯಿತು, ಅಕ್ಟೋಬರಿನಲ್ಲಿ ಬೆಳ್ತಂಗಡಿ. ಬಂಟ್ವಾಳದ ಸರದಿಗೆ ಅವನು ಅಕ್ಟೋಬರ್ ಇಪ್ಪತ್ತೊಂಬತ್ತರಿಂದ ನವೆಂಬರ್ ಇಪ್ಪತ್ತೆರಡರವರೆಗಿನ ದಿನಗಳನ್ನು ಇಟ್ಟುಕೊಂಡ. ಗೋಡೆಯ ಕ್ಯಾಲೆಂಡರನ್ನು ಎದುರಿಗಿಟ್ಟುಕೊಂಡು, ಕೆಂಪು ಅಂಕಿಯ ದಿನ ಒಂದೂ ಬಾರದ ಹಾಗೆ ನೋಡಿದ. ಬಂಟ್ವಾಳದ ಎಂಬತ್ತನಾಲ್ಕು ಜನರಲ್ಲಿ ನಲವತ್ತೇಳು ಮಂದಿ ಮುಸ್ಲಿಮರು, ಹೆಚ್ಚಿನವರು ಪಾಣೆಮಂಗಳೂರಿನವರೇ. ಅವರಿಗೆ ಶುಕ್ರವಾರದ ಪರೀಕ್ಷೆ ಇಡಲೇ ಇಲ್ಲ. ಜುಮಾ ನಮಾಜಿನ ದಿನ ಯಾರೂ ಊದುತ್ತ ಕೂರುವುದಿಲ್ಲ. ಈ ಸೂಕ್ಷ್ಮವನ್ನು ನೆನೆದು ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಪರರ ಧರ್ಮದ ಬಗ್ಗೆ ಇಷ್ಟು ಗೌರವ ಇರುವ ವಂಚಕರು ಅಪರೂಪ.

ಆ ಸರದಿಯಲ್ಲಿ ಅವನಿಗೆ ಒಂದು ಸಣ್ಣ ಲಾಭವೂ ಆಯಿತು. ಹತ್ತು ಗಂಟೆಗೆ ಹೋಟೆಲಿನಿಂದ ಎರಡು ಲೋಟ ಚಾ ಬರುವುದು ವಾಡಿಕೆ, ಒಂದು ಅವನಿಗೆ, ಒಂದು ಜಸೀಲಾಳಿಗೆ. ಒಂದು ದಿನ ಅವಳು ತನ್ನ ಲೋಟವನ್ನು ಅವನ ಕಡೆ ಸರಿಸಿ ಏನೋ ಹೇಳಿದಳು. ಅವನು ಫಾರಮ್ಮಿಗೆ ಗೆರೆ ಎಳೆಯುತ್ತಿದ್ದ. "ಆಯ್ತು, ಇಡಿ" ಎಂದ. ಮರುದಿನವೂ ಲೋಟ ಬಂತು, ಅದರ ಮರುದಿನವೂ. ಮೇಲಿನವರನ್ನು ಕಂಡರೆ ಕೆಳಗಿನವರಲ್ಲಿ ಇಂಥ ಭಾವನೆ ಹುಟ್ಟುವುದುಂಟು ಎಂದು ಅವನು ಅದನ್ನು ಸ್ವೀಕರಿಸಿದ. ಆಗಲೇ ಮುಖಪುಟದಲ್ಲಿ ಹೆಸರು ಬಂದಷ್ಟು ಸುಖವಾಯಿತು.

ಎರಡು ಲೋಟ ಬಿಸಿ ಚಾ ಒಟ್ಟಿಗೆ ಹೊಟ್ಟೆಗೆ ಹೋದ ಒಂದು ದಿನ, ಸಂಕ ದಾಟುವಾಗ ಎದೆ ಹಗುರವಾದಂತೆ ಅನಿಸಿತು. ಅಲ್ಲೇ ಅವನಿಗೆ ಹೊಳೆದದ್ದು ಆ ಕಾಲಂ. ಚಹಾದಿಂದ ಶ್ವಾಸನಾಳ ಸ್ವಲ್ಪ ಅರಳುತ್ತದೆ. ಚಹಾ ಕುಡಿದ ಕೂಡಲೇ ಊದಿಸಿದರೆ ಅಂಕಿ ಮೇಲೆ ಹೋಗಬಹುದು. ಅದನ್ನು ಬರೆದಿಡುವ ಎಚ್ಚರ ಯಾವ ಅಧ್ಯಯನದಲ್ಲಿ ಉಂಟು? ಶಶಿಪ್ರಭಾ ಕೊಟ್ಟ ಫಾರಮ್ಮಿನಲ್ಲಿ ಅದು ಇರಲಿಲ್ಲ. ನಿತ್ಯಾನಂದ ತಾನೇ ಸ್ಕೇಲು ಹಿಡಿದು ಹೊಸ ಕಾಲಂ ಎಳೆದ: "ಪರೀಕ್ಷೆಗೆ ಮೊದಲು ಚಹಾ ಕುಡಿದು ಕಳೆದ ಸಮಯ." ಪರೀಕ್ಷೆಗಳೆಲ್ಲ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರ ಒಳಗೆ. ಚಹಾದ ಹೊತ್ತು ಪ್ರತಿಯೊಬ್ಬರಿಗೂ ಬೇರೆ ಬೇರೆ. ಪಾಣೆಮಂಗಳೂರಿನ ಜೈನಬಮ್ಮ, ಎಪ್ಪತ್ತು ವರ್ಷ: ಪರೀಕ್ಷೆ ೧೧.೪೦, ಚಹಾ ೧೦.೧೫. ಎಂಬತ್ತನಾಲ್ಕು ಜನರ ಸರಾಸರಿ ತೊಂಬತ್ತನಾಲ್ಕು ನಿಮಿಷ, ಮಾನಕ ವಿಚಲನೆ ಇಪ್ಪತ್ತೆರಡು. ಬರೆದು ಮುಗಿಸಿ ಅವನು ಸ್ವಲ್ಪ ಹಿಂದೆ ಸರಿದು, ಮದುಮಗಳನ್ನು ನೋಡುವವರ ಹಾಗೆ ಅದನ್ನು ನೋಡಿದ. ಈ ಒಂದು ಕಾಲಂ ಸಾಕು. ಇಂಥದನ್ನು ಸುಳ್ಳು ಹೇಳುವವನು ಯಾಕಾದರೂ ಬರೆಯುತ್ತಾನೆ?

ಡಿಸೆಂಬರಿನಲ್ಲಿ ಜಸೀಲಾ ಟೈಪ್ ಮಾಡಲು ಕುಳಿತಳು. ಮೂರನೇ ದಿನ ಕೀಲಿಮಣೆಯಿಂದ ಕೈ ತೆಗೆದು ಕರೆದಳು. "ಸರ್, ಈ ಚಹಾದ ಕಾಲಂನಲ್ಲಿ ನನಗೊಂದು ಸಂಶಯ ಉಂಟು."

"ಎಂತ ಸಂಶಯ? ಅಕ್ಷರ ಕಾಣ್ತಾ ಇಲ್ವಾ?"

"ಅಕ್ಷರ ಕಾಣ್ತದೆ ಸರ್. ಅರ್ಥ..."

"ನೋಡಿ, ನೀವು ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಿ. ಅರ್ಥ ಮಾಡಿಕೊಳ್ಳುವ ಕೆಲಸ ನಿಮಗೆ ಯಾರೂ ಕೊಟ್ಟದ್ದಲ್ಲ."

"ಸರಿ ಸರ್" ಎಂದು ಅವಳು ಟೈಪ್ ಮಾಡಿದಳು. ಒಂದು ತಪ್ಪೂ ಇರಲಿಲ್ಲ.

ಜನವರಿಯಲ್ಲಿ ಶಶಿಪ್ರಭಾ ಅವರಿಗೆ ಒಂದು ಸಣ್ಣ ಅನುಮಾನದ ಹುಳ ಕಚ್ಚಿತು. ಯಾರನ್ನೂ ಕೇಳದೆ ಮೂಡುಬಿದಿರೆಗೆ ಕಾರು ತಿರುಗಿಸಿ, ಪಟ್ಟಿಯಲ್ಲಿದ್ದ ಚಿನ್ನಯ್ಯ ಎಂಬ ಮುದುಕನ ಮನೆಗೆ ಹೋಗಿ ಬಂದರು. ಬಂದವರು ನಿತ್ಯಾನಂದನ ಎದುರು ಕುಳಿತು ನಕ್ಕರು.

"ನಿಮ್ಮ ಚಿನ್ನಯ್ಯನನ್ನು ನೋಡಿ ಬಂದೆ. 'ಆ ಮಾಸ್ಟ್ರು ಬಂದಿದ್ದರಾ?' ಅಂತ ಕೇಳಿದ್ರೆ, 'ಬಂದಿದ್ದರು ಡಾಕ್ಟ್ರೇ, ಊದಿಸಿ ಊದಿಸಿ ನನ್ನ ಜೀವ ತೆಗೆದರು. ನಾಯಿ ಓಡಿಸಿಕೊಂಡು ಹೋದಾಗ ಒಂದು ಚಪ್ಪಲಿ ಇಲ್ಲೇ ಬಿಟ್ಟಿದ್ದಾರೆ' ಅಂದ. ಎಂತ ಮಾರಾಯ್ರೆ, ಹೇಳುವುದಲ್ವಾ ಇಷ್ಟು ಕಷ್ಟ ಉಂಟು ಅಂತ!"

ಚಪ್ಪಲಿ ೧೯೯೮ರದ್ದು. ನಿತ್ಯಾನಂದ ತಲೆ ತಗ್ಗಿಸಿ, "ಕೆಲಸ ಅಂದ ಮೇಲೆ ಇದ್ದದ್ದೇ ಮೇಡಂ" ಎಂದ. ಅವನ ಧ್ವನಿಯಲ್ಲಿ ಆಯಾಸ ಕೂಡ ಇತ್ತು. ಐದು ವರ್ಷದ ಹಿಂದಿನ ಆಯಾಸ, ಆದರೆ ಅಪ್ಪಟ.

ಫೆಬ್ರವರಿಯಲ್ಲಿ ಸಭೆ. ಟ್ರಸ್ಟಿನ ಅಧ್ಯಕ್ಷರಾದ ಅಬ್ದುಲ್ ಸಮದ್ ಹಾಜಿಯವರು, ಪಾಣೆಮಂಗಳೂರಿನ ಮರದ ವ್ಯಾಪಾರಿ, ನಡುವಿನ ಕುರ್ಚಿಯಲ್ಲಿ. ಆಚೆ ಈಚೆ ಇಬ್ಬರು ಟ್ರಸ್ಟಿಗಳು, ಅದರಲ್ಲಿ ಒಬ್ಬರು ಮಧ್ಯಾಂಕದವರು. ಮೂಲೆಯಲ್ಲಿ ಒಬ್ಬ ಪೇಪರಿನವನು, ಪೆನ್ನಿನ ಮುಚ್ಚಳ ತೆಗೆದುಕೊಂಡೇ ಕುಳಿತಿದ್ದ. ವರದಿಯ ಕರಡು ಎಲ್ಲರ ಕೈಯಲ್ಲಿ. ಮುಖಪುಟದಲ್ಲಿ ನಿತ್ಯಾನಂದ ಟಿ., ಟಿ. ಸಮೇತ, ಚುಕ್ಕೆ ಸಮೇತ. ನಿತ್ಯಾನಂದ ಪೆನ್ಸಿಲನ್ನು ಕೋಲಿನ ಹಾಗೆ ಹಿಡಿದು ಗೋಡೆಯ ಮೇಲೆ ಬಿದ್ದ ಕೋಷ್ಟಕಗಳನ್ನು ತೋರಿಸುತ್ತಿದ್ದ. ಜಸೀಲಾ ಪ್ರೊಜೆಕ್ಟರಿನ ಹಾಳೆ ಬದಲಿಸುತ್ತಿದ್ದಳು. ಬೆಳ್ತಂಗಡಿಯವರು ಸುಧಾರಿಸಿದ್ದಕ್ಕೆ ಎಲ್ಲರೂ ಸಂತೋಷಪಟ್ಟರು. ಬಂಟ್ವಾಳದವರ ಉಸಿರಿಗೆ ಎಲ್ಲರೂ ಮರುಗಿದರು. ಚಿಕಿತ್ಸಾಲಯ ಬಂಟ್ವಾಳಕ್ಕೇ ಎಂದು ಹೆಚ್ಚುಕಡಿಮೆ ತೀರ್ಮಾನವಾಯಿತು.

ಕೊನೆಯ ಕೋಷ್ಟಕ ಬಂದಾಗ ಶಶಿಪ್ರಭಾ ಅವರೇ ಎದ್ದರು. "ಇದೊಂದು ನೋಡಿ ಹಾಜಿಯವರೇ. ಪರೀಕ್ಷೆಗೆ ಮೊದಲು ಯಾರು ಎಷ್ಟು ಹೊತ್ತಿಗೆ ಚಾ ಕುಡಿದರು, ಅದನ್ನೂ ಬರೆದಿದ್ದಾರೆ. ದೊಡ್ಡ ದೊಡ್ಡ ಕಾಲೇಜಿನವರೂ ಇಷ್ಟು ಮಾಡುವುದಿಲ್ಲ."

"ಇದು ಯಾರ ಐಡಿಯಾ ಮಾಸ್ಟ್ರೇ?"

"ನನ್ನದೇ" ಎಂದ ನಿತ್ಯಾನಂದ. "ಪ್ರತಿಯೊಬ್ಬರನ್ನೂ ನಾನೇ ಕೇಳಿ ಬರೆದದ್ದು. ಒಬ್ಬರನ್ನೂ ಬಿಡಲಿಲ್ಲ."

"ಬಾರೀ ಲಾಯ್ಕ್ ಉಂಟು" ಎಂದರು ಹಾಜಿ. ವಯಸ್ಸಾದವರು, ಎಲ್ಲರನ್ನೂ ಮಾತಾಡಿಸುವ ಗುಣ. ಪ್ರೊಜೆಕ್ಟರಿನ ಕಡೆ ತಿರುಗಿ, "ಎಂತ ಮಗಳೇ, ಟೈಪ್ ಮಾಡಿದ್ದು ನೀನಲ್ವಾ? ನೀನೂ ಎಂತಾದ್ರೂ ಹೇಳು" ಎಂದರು.

ಜಸೀಲಾ ಹಾಳೆಯ ಮೇಲೆ ಬೆರಳಿಟ್ಟಳು. ಗೋಡೆಯ ಮೇಲೆ ಅವಳ ಬೆರಳಿನ ನೆರಳು ಬಾಳೆಕಾಯಿಯಷ್ಟು ದೊಡ್ಡದಾಗಿ, ಜೈನಬಮ್ಮನ ಸಾಲಿನಲ್ಲಿ ನಿಂತಿತು.

"ನನಗೆ ಇದರ ಅರ್ಥ ಆಗಲಿಲ್ಲ ಹಾಜಿಯವರೇ. ಅರ್ಥ ಮಾಡಿಕೊಳ್ಳುವುದು ನನ್ನ ಕೆಲಸ ಅಲ್ಲ ಅಂತ ಸರ್ ಹೇಳಿದ್ದಾರೆ. ಆದರೂ ಕೇಳ್ತೇನೆ. ಈ ಜೈನಬಮ್ಮ ನಮ್ಮ ಮನೆಯ ಹಿಂದೆಯೇ ಇರುವವರು. ನವೆಂಬರ್ ಹನ್ನೊಂದನೇ ತಾರೀಕು, ಹತ್ತೂ ಕಾಲು ಗಂಟೆಗೆ, ಹಗಲಿಗೆ, ಅವರಿಗೆ ಚಾ ಕೊಟ್ಟದ್ದು ಯಾರು?"

ಹಾಜಿಯವರ ಮುಖದ ನಗು ಅಲ್ಲೇ ನಿಂತಿತು. ಅವರು ತೆಗೆದಿಟ್ಟಿದ್ದ ಕನ್ನಡಕವನ್ನು ಮತ್ತೆ ಹಾಕಿಕೊಂಡು ಕರಡನ್ನು ಕಣ್ಣಿನ ಹತ್ತಿರ ತಂದರು. ತಾರೀಕುಗಳ ಕಾಲಂನಲ್ಲಿ ಅವರ ಬೆರಳು ಮೇಲಿನಿಂದ ಕೆಳಗೆ ಇಳಿಯಿತು.

"ಹುಷಾರಿಲ್ಲದವರಲ್ವಾ..." ಎಂದು ನಿತ್ಯಾನಂದ ಏನನ್ನೋ ಹಿಡಿಯಲು ಹೋದ. ಯಾವುದಕ್ಕೆ ಉತ್ತರ ಕೊಡುತ್ತಿದ್ದೇನೆ ಎಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

"ಹುಷಾರಿಲ್ಲದವರಿಗೆ ಬಿಡಬಹುದು ಸರ್, ಹೌದು. ಕೆಲವರು ಬಿಡ್ತಾರೆ. ಆದರೆ ನಲವತ್ತೇಳರಲ್ಲಿ ನಲವತ್ತೇಳೂ?" ಅವಳು ಅದೇ ನಿಧಾನದಲ್ಲಿ ಕೇಳಿದಳು. "ಆ ತಿಂಗಳು ದಿನಾ ಹತ್ತು ಗಂಟೆಗೆ ನನ್ನ ಚಾ ಕುಡಿದದ್ದು ಯಾರು ಸರ್? ಎಂತಕ್ಕೆ ಅಂತ ನಾನು ಮೊದಲ ದಿನವೇ ಹೇಳಿದ್ದೆನಲ್ಲ, 'ನನಗೆ ನೋಂಬು, ಒಂದು ತಿಂಗಳು ನೀವೇ ಕುಡಿಯಿರಿ' ಅಂತ."

ಕ್ಯಾಲೆಂಡರಿನಲ್ಲಿ ಹಬ್ಬದ ದಿನ ಮಾತ್ರ ಕೆಂಪಾಗಿರುತ್ತದೆ. ಅದರ ಹಿಂದಿನ ರಮ್ಜಾನ್ ಉಪವಾಸದ ತಿಂಗಳು ಇಡೀ ಕಪ್ಪು ಅಂಕಿಯಲ್ಲೇ ಕಳೆಯುತ್ತದೆ. ನಿತ್ಯಾನಂದ ನೋಡಿದ್ದು ಕೆಂಪನ್ನು ಮಾತ್ರ. ಆ ತಿಂಗಳು ಪಾಣೆಮಂಗಳೂರಿನಲ್ಲಿ ಹಗಲು ಹೋಟೆಲುಗಳ ಮುಂದೆ ಪರದೆ ಇಳಿದದ್ದನ್ನು ಅವನು ಕಂಡಿದ್ದ, ಸಂಜೆ ಬಾಂಗು ಕೂಗಿದ ಮೇಲೆ ಬಿಸಿ ಸಮೋಸಕ್ಕೆ ಜನರೊಂದಿಗೆ ತಾನೂ ಸಾಲಿನಲ್ಲಿ ನಿಂತಿದ್ದ, ದಿನಾ ಉಪವಾಸದವಳ ಲೋಟವನ್ನು ಖಾಲಿ ಮಾಡಿ ಹೋಗಿ ನಲವತ್ತೇಳು ಉಪವಾಸದವರಿಗೆ ಹಗಲು ಚಾ ಕುಡಿಸಿದ್ದ. ಅದರ ಸರಾಸರಿಯನ್ನೂ ತೆಗೆದಿದ್ದ. ಮುಂದೆ ಅವನ ಜಾಗಕ್ಕೆ ಹೊಸಬರು ಬಂದು ಬೆಳ್ತಂಗಡಿಗೆ ನಿಜವಾಗಿ ನಡೆದರು, ಚಿಕಿತ್ಸಾಲಯ ಅಲ್ಲಿಗೆ ಹೋಯಿತು. ಅದಕ್ಕೆ ಮೊದಲೇ, ಮಾರ್ಚ್ ಎರಡನೇ ವಾರ, ಪೇಪರಿನ ಏಳನೇ ಪುಟದಲ್ಲಿ, ಟ್ರಸ್ಟಿನ ಸಾರ್ವಜನಿಕ ಪ್ರಕಟಣೆ ಬಂತು: "ಬಂಟ್ವಾಳ ನಿವಾಸಿ ನಿತ್ಯಾನಂದ ಬಿನ್ ತುಕ್ರಪ್ಪ ಎಂಬವರನ್ನು ಸುಳ್ಳು ದಾಖಲೆ ಸೃಷ್ಟಿಸಿದ ಕಾರಣಕ್ಕೆ ಕೆಲಸದಿಂದ ತೆಗೆಯಲಾಗಿದೆ. ಇನ್ನು ಮುಂದೆ ಅವರಿಗೂ ನಮ್ಮ ಸಂಸ್ಥೆಗೂ ಯಾವುದೇ ಸಂಬಂಧ ಇರುವುದಿಲ್ಲ." ಅಪ್ಪನ ಹೆಸರು ಪೇಪರಿನಲ್ಲಿ ಬಂತು.